ದಸ್ತರ್‌ಖಾನ್‌ನಲ್ಲಿ ಪ್ರತಿಷ್ಠೆಯನ್ನು ಬಡಿಸುತ್ತಿದ್ದೇವೆಯೇ?

ಮದುವೆಯ ಹಂಗಾಮು ಬಂದಾಗ ಗದಗ-ಬೆಟಗೇರಿಯಲ್ಲಾಗಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಲ್ಲಾಗಲಿ ನಮ್ಮ ಮನೆಗಳಲ್ಲಿ ಮೊದಲು ಕೇಳಿಬರುವ ಪ್ರಶ್ನೆ ಒಂದೇ. ಊಟಕ್ಕೆ ಏನೇನು ಮಾಡಿಸಿದ್ದರು? ನಿಕಾಹ್ ಎಷ್ಟು ಸರಳವಾಗಿತ್ತು, ಮಹ್ರ್ ಕೈಗೆ ಸಂದಿತೋ ಇಲ್ಲವೋ ಎಂದು ಕೇಳುವವರು ವಿರಳ. ಖುಷ್ಕಾ ಮತ್ತು ದಾಲ್ಚಾದಲ್ಲಿ ಮುಗಿಯುತ್ತಿದ್ದ ಊಟವನ್ನು ಕಂಡ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಇಂದು ಬಿರಿಯಾನಿಯ ಜೊತೆ ಕಬಾಬ್, ಕಬಾಬಿನ ಜೊತೆ ಖುರ್ಮಾ, ಖುರ್ಮಾದ ಜೊತೆ ಪರೋಟ, ಕೊನೆಗೆ ಎರಡು ಬಗೆಯ ಸಿಹಿ, ಅದರ ಮೇಲೆ ಐಸ್‌ಕ್ರೀಂ ಇಲ್ಲದಿದ್ದರೆ ಹೆಣ್ಣಿನ ತಂದೆ ತಲೆತಗ್ಗಿಸಿ ನಿಲ್ಲಬೇಕಾದ ಸ್ಥಿತಿಯಿದೆ. ಇದನ್ನು ದುಂದುವೆಚ್ಚವೆಂದು ಖಂಡಿಸಿ ಸಮುದಾಯದ ಪತ್ರಿಕೆಗಳು ಬಹಳ ಬರೆದಿವೆ, ನಾವೂ ಬರೆದಿದ್ದೇವೆ. ಆದರೆ ಈ ತಟ್ಟೆ ನಮ್ಮ ಕಿಸೆಯನ್ನು ಮಾತ್ರವಲ್ಲ, ನಮ್ಮ ಶರೀರವನ್ನೂ ತಿನ್ನುತ್ತಿದೆ ಎಂಬ ವಿಷಯವನ್ನು ಯಾಕೋ ವೈದ್ಯರಿಗೆ ಬಿಟ್ಟು ಸುಮ್ಮನಿದ್ದೇವೆ.

2019ರಿಂದ 2021ರ ನಡುವೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಮಹಿಳೆಯರಲ್ಲಿ ಶೇ. 30ರಷ್ಟು ಮಂದಿ ಅಧಿಕ ತೂಕ ಅಥವಾ ಬೊಜ್ಜು ಹೊಂದಿದವರು. ಪುರುಷರ ಪ್ರಮಾಣವೂ ಹೆಚ್ಚುಕಡಿಮೆ ಅಷ್ಟೇ. ಅದಕ್ಕಿಂತ ಐದು ವರ್ಷಗಳ ಹಿಂದಿನ ಸಮೀಕ್ಷೆಯಲ್ಲಿ ಇದು ಶೇ. 23ರ ಆಸುಪಾಸಿನಲ್ಲಿತ್ತು. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನವು ದೇಶದಲ್ಲಿ 10 ಕೋಟಿಗೂ ಮಿಕ್ಕಿ ಮಧುಮೇಹಿಗಳಿದ್ದಾರೆಂದೂ, ಇನ್ನೂ 13 ಕೋಟಿಗೂ ಹೆಚ್ಚು ಮಂದಿ ಅದರ ಹೊಸ್ತಿಲಲ್ಲಿ ನಿಂತಿದ್ದಾರೆಂದೂ ಅಂದಾಜಿಸಿತು. ಇವು ಮುಸ್ಲಿಮರ ಅಂಕಿಗಳಲ್ಲ, ಎಲ್ಲರವು. ಆದರೆ ನಮ್ಮ ಓಣಿಗಳಲ್ಲಿ ಸಕ್ಕರೆ ಕಾಯಿಲೆಯ ಗುಳಿಗೆ ಇಲ್ಲದ ಮನೆ ಯಾವುದೆಂದು ಎಣಿಸಿ ನೋಡಿದವರಿಗೆ, ನಾವು ಈ ಲೆಕ್ಕದಿಂದ ಹೊರಗಿಲ್ಲವೆಂದು ತಿಳಿಯಲು ಸಮೀಕ್ಷೆ ಬೇಕಾಗಲಾರದು.

ಬೊಜ್ಜು ಎಂದ ಕೂಡಲೇ ಅದನ್ನು ವ್ಯಕ್ತಿಯ ಬಾಯಿಚಪಲವೆಂದು ತೀರ್ಮಾನಿಸುವುದು ಸುಲಭ. ನಾವು ಅದನ್ನು ಒಪ್ಪುವುದಿಲ್ಲ. ಮನುಷ್ಯ ಎಷ್ಟು ತಿನ್ನುತ್ತಾನೆಂಬುದನ್ನು ಅವನ ಹಸಿವೊಂದೇ ನಿರ್ಧರಿಸುವುದಿಲ್ಲ. ಎದುರಿಗೆ ಎಷ್ಟು ಇಡಲಾಗಿದೆ, ಯಾವ ಪಾತ್ರೆಯಲ್ಲಿ ಇಡಲಾಗಿದೆ, ಜೊತೆಗೆ ಎಷ್ಟು ಜನ ಕುಳಿತಿದ್ದಾರೆ ಎಂಬುದೂ ನಿರ್ಧರಿಸುತ್ತದೆ. ಅಮೇರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಬಾರ್ಬರಾ ರೋಲ್ಸ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಒಂದೇ ಆಹಾರವನ್ನು ಬೇರೆ ಬೇರೆ ಪ್ರಮಾಣದಲ್ಲಿ ಬಡಿಸಿ ನೋಡಿದರು. ಅತಿ ದೊಡ್ಡ ಪ್ರಮಾಣವನ್ನು ಬಡಿಸಿದ ದಿನ ಜನರು, ಅತಿ ಸಣ್ಣ ಪ್ರಮಾಣದ ದಿನಕ್ಕಿಂತ ಶೇ. 30ರಷ್ಟು ಹೆಚ್ಚು ತಿಂದಿದ್ದರು. ಹಸಿವು ಹೆಚ್ಚಿರಲಿಲ್ಲ, ತಟ್ಟೆ ತುಂಬಿತ್ತು, ಅಷ್ಟೇ. ಪಂಕ್ತಿಯಲ್ಲಿ ಕುಳಿತು ಹರಟುತ್ತಾ ತಿನ್ನುವವನು ಒಂಟಿಯಾಗಿ ತಿನ್ನುವವನಿಗಿಂತ ಹೆಚ್ಚು ತಿನ್ನುತ್ತಾನೆಂಬುದೂ ಹಲವು ಅಧ್ಯಯನಗಳಲ್ಲಿ ಕಂಡುಬಂದಿದೆ. ಹಾಗಾದರೆ ಬಡಿಸುವವನ ಕೈಯೂ ತಿನ್ನುವವನ ತೂಕದಲ್ಲಿ ಪಾಲುದಾರನಲ್ಲವೇ?

ನಮ್ಮ ಈ ಸೀಮೆಯ ತಟ್ಟೆ ಮೊದಲು ಹೀಗಿರಲಿಲ್ಲ. ಮುಂಡರಗಿಯಿಂದ ಗದಗದವರೆಗೂ ಹಾಸಿದ ಎರೆಭೂಮಿಯಲ್ಲಿ ಹಿಂಗಾರಿನ ಬಿಳಿಜೋಳವೇ ಅನ್ನವಾಗಿತ್ತು. ಮುಸ್ಲಿಮರ ಮನೆಯ ಒಲೆಯೂ ಅದೇ ರೊಟ್ಟಿಯನ್ನು ಸುಡುತ್ತಿತ್ತು. ಪಲ್ಯ, ಕಾಳು, ಶೇಂಗಾ ಚಟ್ನಿ, ಹಸಿ ಉಳ್ಳಾಗಡ್ಡಿ, ಮಜ್ಜಿಗೆ, ಮತ್ತು ಶುಕ್ರವಾರಕ್ಕೋ ಹಬ್ಬಕ್ಕೋ ಒಂದಿಷ್ಟು ಮಾಂಸ. ಅಕ್ಕಿಯ ಊಟ ಅತಿಥಿ ಬಂದಾಗಿನ ಮಾತು. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿನಂಶವಿದ್ದರೆ ಪಾಲಿಶ್ ಮಾಡಿದ ಅಷ್ಟೇ ಅಕ್ಕಿಯಲ್ಲಿ ಮೂರು ಗ್ರಾಮಿಗೂ ಕಡಿಮೆ. ರೊಟ್ಟಿಯನ್ನು ಮುರಿಯಬೇಕು, ಅಗಿಯಬೇಕು, ಎರಡು ತಿನ್ನುವಷ್ಟರಲ್ಲಿ ದವಡೆಯೂ ಹೊಟ್ಟೆಯೂ ಸಾಕೆನ್ನುತ್ತವೆ. ಇನ್ನೂ ಮುಖ್ಯವಾಗಿ ಅದನ್ನು ಎಣಿಸಬಹುದು. 'ಎಷ್ಟು ರೊಟ್ಟಿ ತಿಂದೆ?' ಎಂಬ ಪ್ರಶ್ನೆಗೆ ಉತ್ತರವಿದೆ. 50 ಗ್ರಾಂ ಹಿಟ್ಟಿನ ಒಂದು ರೊಟ್ಟಿಗೆ ಸುಮಾರು 170 ಕ್ಯಾಲರಿ ಎಂದು ಲೆಕ್ಕವೂ ಇದೆ. 'ಎಷ್ಟು ಬಿರಿಯಾನಿ ತಿಂದೆ?' ಎಂಬ ಪ್ರಶ್ನೆಗೆ ಯಾರು ಉತ್ತರಿಸಿಯಾರು?

ಉತ್ತರಿಸಲು ಪ್ರಯತ್ನಿಸೋಣ. ವಲೀಮಾದ ತಟ್ಟೆಗೆ ಒಮ್ಮೆ ಬೀಳುವ ಬಿರಿಯಾನಿ ಅರ್ಧ ಕಿಲೋ ಎಂದಿಟ್ಟುಕೊಂಡರೆ ಎಣ್ಣೆ-ತುಪ್ಪದ ಪ್ರಮಾಣಕ್ಕನುಗುಣವಾಗಿ 800ರಿಂದ 1000 ಕ್ಯಾಲರಿ ಆಗುತ್ತದೆ. ಹೆಚ್ಚು ಮೈದಣಿವಿಲ್ಲದ ಕೆಲಸ ಮಾಡುವ 55 ಕಿಲೋ ತೂಕದ ಮಹಿಳೆಗೆ ಇಡೀ ದಿನಕ್ಕೆ ಬೇಕಾಗುವುದು ಸುಮಾರು 1660 ಕ್ಯಾಲರಿ ಎಂದು 2020ರಲ್ಲಿ ರಾಷ್ಟ್ರೀಯ ಪೌಷ್ಟಿಕ ಆಹಾರ ಸಂಸ್ಥೆ ಹೇಳಿದೆ. ಆಕೆ ಎರಡನೆಯ ಸಲ ಬಡಿಸಿಕೊಂಡು, ಎರಡು ತುಂಡು ಕಬಾಬ್ ಮತ್ತು ಒಂದು ಬಟ್ಟಲು ಸಿಹಿಯನ್ನು ಸೇರಿಸಿದರೆ ಅರ್ಧ ಗಂಟೆಯೊಳಗೆ ದಿನದ ಪಾಲು ಮುಗಿದು ನಾಳೆಯ ಪಾಲಿಗೆ ಕೈಹಾಕಿದಂತಾಯಿತು. ಮನೆಗೆ ಮರಳಿದ ಮೇಲೆ ಸಂಜೆಯ ಚಹಾ, ರಾತ್ರಿಯ ಊಟ ಹೇಗೂ ಇದ್ದೇ ಇವೆ. ವರ್ಷಕ್ಕೊಂದು ಮದುವೆಯಾದರೆ ಶರೀರ ಇದನ್ನು ತಾಳಿಕೊಳ್ಳುತ್ತದೆ. ಆದರೆ ಮಂಗ್ನಿ, ಹಳದಿ, ನಿಕಾಹ್, ವಲೀಮಾ, ಅಖೀಖಾ, ಹಜ್ಜಿಗೆ ಹೋಗುವಾಗಿನ ಔತಣ, ಹಜ್ಜಿನಿಂದ ಬಂದಾಗಿನ ಔತಣ ಎಂದು ವಾರವಾರವೂ ಆಮಂತ್ರಣವಿದ್ದಾಗ ಔತಣವೇ ದಿನನಿತ್ಯದ ಊಟಕ್ಕೆ ಅಳತೆಗೋಲಾಗುತ್ತದೆ. ಮನೆಯಲ್ಲಿಯೂ ಎಣ್ಣೆ ತೇಲದ ಸಾಲನ್ ಬಡತನದ ಲಕ್ಷಣವಾಗಿ ಕಾಣತೊಡಗುತ್ತದೆ. 2024ರ ರಾಷ್ಟ್ರೀಯ ಆಹಾರ ಮಾರ್ಗಸೂಚಿಯ ಮಾದರಿ ತಟ್ಟೆಯಲ್ಲಿ ವ್ಯಕ್ತಿಯೊಬ್ಬರಿಗೆ ದಿನಕ್ಕೆ ಎಣ್ಣೆ ಮತ್ತು ಕೊಬ್ಬು ಸೇರಿ 27 ಗ್ರಾಂ ಮಾತ್ರ. ಐವರು ವಯಸ್ಕರಿರುವ ಮನೆಗೆ ತಿಂಗಳಿಗೆ ನಾಲ್ಕು ಕಿಲೋ. ನಮ್ಮ ಓದುಗರು ತಮ್ಮ ಕಿರಾಣಿ ಚೀಟಿಯನ್ನು ಒಮ್ಮೆ ತೆಗೆದು ನೋಡಲಿ.

ಜೋಳ ಹಿಂದೆ ಸರಿದದ್ದಕ್ಕೆ ಔತಣಗಳೊಂದೇ ಕಾರಣವಲ್ಲ. 2013ರಲ್ಲಿ ಅನ್ನಭಾಗ್ಯ ಬಂದ ಮೇಲೆ ಬಡವರ ಮನೆಯಲ್ಲಿ ಅಕ್ಕಿ ದಿನದ ಆಹಾರವಾಯಿತು. ಹಸಿವನ್ನು ಅಟ್ಟಿದ ಆ ಯೋಜನೆಯನ್ನು ಹೊಟ್ಟೆ ತುಂಬಿದವರು ಹೀಗಳೆಯುವುದನ್ನು ನಾವು ಸಹಿಸುವುದಿಲ್ಲ. ಜೋಳ ಬೆಳೆಯುವ ಜಿಲ್ಲೆಯ ಪಡಿತರದಲ್ಲಿ ಜೋಳಕ್ಕೆ ಖಾಯಂ ಸ್ಥಾನ ಸಿಗಬೇಕಿತ್ತು ಎಂಬುದಷ್ಟೇ ನಮ್ಮ ಮಾತು. ರೊಟ್ಟಿ ತಟ್ಟುವುದಕ್ಕೆ ಸಮಯವೂ ಸೊಂಟದ ಬಲವೂ ಬೇಕು. ಹೊಲಿಗೆ ಯಂತ್ರದ ಮುಂದೆಯೋ ಬೀಡಿಯ ಮೊರದ ಮುಂದೆಯೋ ಕುಳಿತು ನಾಲ್ಕು ಕಾಸು ಗಳಿಸುವ ತಾಯಿಗೆ ಕುಕ್ಕರಿನ ಅನ್ನವೇ ಗತಿಯಾಗಿದ್ದರೆ ಅವಳನ್ನು ದೂರುವುದು ನ್ಯಾಯವಲ್ಲ.

ಈ ಸೀಮೆಯ ಆತಿಥ್ಯದಲ್ಲಿ ತುಂಬಿದ ತಟ್ಟೆಗೆ ಇಷ್ಟೊಂದು ಗೌರವ ಯಾಕೆಂದು ಯೋಚಿಸಿದಾಗ ನಮಗೆ ನೆನಪಾಗುವುದು ಬರಗಾಲ. 1876ರಿಂದ 1878ರ ಮಹಾಕ್ಷಾಮದಲ್ಲಿ, ಇಂದಿನ ಗದಗ ಜಿಲ್ಲೆಯ ಬಹುಭಾಗ ಸೇರಿದ್ದ ಅಂದಿನ ಧಾರವಾಡ ಜಿಲ್ಲೆ ತತ್ತರಿಸಿತ್ತು. ಪರಿಹಾರ ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು, ಎಂದರೆ ಅರ್ಧ ಕಿಲೋಗೂ ಕಡಿಮೆ ಧಾನ್ಯ ಸಾಕೆಂದು ಬ್ರಿಟಿಷ್ ಅಧಿಕಾರಿ ರಿಚರ್ಡ್ ಟೆಂಪಲ್ 1877ರಲ್ಲಿ ನಿಗದಿಪಡಿಸಿದ್ದನು. ಕಲ್ಲು ಒಡೆಯುವವನಿಗೆ ಒಂದು ಪೌಂಡು! ಇಂಥ ನೆಲದಲ್ಲಿ ಅತಿಥಿಯ ತಟ್ಟೆಯನ್ನು ತುಂಬಿಸುವುದು ಧರ್ಮವಾದುದರಲ್ಲಿ ಆಶ್ಚರ್ಯವೇನು? ವಿಪರ್ಯಾಸವೆಂದರೆ ತಲೆಮಾರುಗಳ ಕೊರತೆ ಶರೀರದಲ್ಲೂ ಗುರುತು ಉಳಿಸುತ್ತದೆ. ಭಾರತೀಯ ಶಿಶುಗಳು ಹುಟ್ಟುವಾಗ ತೆಳ್ಳಗಿದ್ದರೂ ಅವುಗಳ ಮೈಯಲ್ಲಿ ಕೊಬ್ಬಿನ ಪಾಲು ಹೆಚ್ಚೆಂದು ಪುಣೆಯ ಡಾ. ಯಾಜ್ಞಿಕ್ ತೋರಿಸಿದ್ದಾರೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಕಾಪಾಡಿಕೊಂಡು ಬಂದ ಹೆರಿಗೆ ದಾಖಲೆಗಳನ್ನು ಆಧರಿಸಿದ ಅಧ್ಯಯನಗಳು ಹುಟ್ಟಿನ ವೇಳೆಯ ಬೆಳವಣಿಗೆಗೂ ಮುಂದಿನ ಹೃದ್ರೋಗ, ಮಧುಮೇಹಗಳಿಗೂ ನಂಟಿರುವುದನ್ನು ಕಂಡಿವೆ. ಆದುದರಿಂದಲೇ ನಮ್ಮವರಲ್ಲಿ ಸೊಂಟದ ಸುತ್ತಳತೆ ಪುರುಷರಿಗೆ 90, ಮಹಿಳೆಯರಿಗೆ 80 ಸೆಂಟಿಮೀಟರ್ ದಾಟಿದರೆ ಎಚ್ಚರಿಕೆಯೆಂದು ವೈದ್ಯರು ಹೇಳುತ್ತಾರೆ. ಯೂರೋಪಿನ ಪುರುಷರಿಗೆ ಈ ಗೆರೆ ಇನ್ನೂ ದೂರದಲ್ಲಿದೆ. ಹಸಿದ ಅಜ್ಜಂದಿರಿಂದ ಬಂದ ಶರೀರಕ್ಕೆ ನಾವು ನವಾಬರ ತಟ್ಟೆಯನ್ನು ಒಡ್ಡುತ್ತಿದ್ದೇವೆ.

ಇಸ್ಲಾಮ್ ಈ ವಿಷಯದಲ್ಲಿ ಮೌನವಾಗಿಲ್ಲ. ಉಣ್ಣುವುದನ್ನೂ ಕುಡಿಯುವುದನ್ನೂ ಅನುಮತಿಸಿದ ಕುರ್‌ಆನ್‌ನ ಏಳನೇ ಅಧ್ಯಾಯದ 31ನೇ ಸೂಕ್ತವು ಅದೇ ಉಸಿರಿನಲ್ಲಿ ಮಿತಿಮೀರುವುದನ್ನು ತಡೆಯುತ್ತದೆ. ಹೊಟ್ಟೆಯ ಮೂರನೇ ಒಂದು ಪಾಲನ್ನು ಆಹಾರಕ್ಕೂ ಇನ್ನೊಂದನ್ನು ನೀರಿಗೂ ಮತ್ತೊಂದನ್ನು ಉಸಿರಿಗೂ ಬಿಡಬೇಕೆಂದು ಪ್ರವಾದಿ(ಸ)ರು ಕಲಿಸಿದುದನ್ನು ತಿರ್ಮಿದಿಯ ಹದೀಸ್ ತಿಳಿಸುತ್ತದೆ. ಮದ್ರಸದ ಮಕ್ಕಳಿಗೂ ಇದು ಬಾಯಿಪಾಠ. ಇಬ್ಬರ ಆಹಾರ ಮೂವರಿಗೆ, ಮೂವರದು ನಾಲ್ವರಿಗೆ ಸಾಕಾಗುತ್ತದೆಂಬ ಬುಖಾರಿಯ ಹದೀಸನ್ನೂ ನಾವು ಬಲ್ಲೆವು. ಒಂದೇ ದೊಡ್ಡ ತಟ್ಟೆಯ ಸುತ್ತ ನಾಲ್ವರು ಕುಳಿತು ಉಣ್ಣುವ ನಮ್ಮ ಸುಂದರ ಪದ್ಧತಿ ಆ ಪಾಠದ ರೂಪವೇ ಆಗಿತ್ತು. ಈಗ ನಡೆಯುತ್ತಿರುವುದೇನು? ನಾಲ್ವರ ತಟ್ಟೆಗೆ ಏಳೆಂಟು ಮಂದಿಗೆ ಸಾಲುವಷ್ಟನ್ನು ಸುರಿಯಲಾಗುತ್ತದೆ. ಬೇಡವೆಂದು ಕೈ ಅಡ್ಡ ಹಿಡಿದವನ ಬೆರಳ ಸಂದಿಯಿಂದಲೂ ಒಂದು ಸೌಟು ಇಳಿಯುತ್ತದೆ. ಬೇಡವೆಂಬ ಮಾತನ್ನು ಅವಮಾನವೆಂದೂ ಒತ್ತಾಯವನ್ನು ಪ್ರೀತಿಯೆಂದೂ ತಿಳಿಯುವ ಈ ರೂಢಿಗೆ ಶರೀಅತ್‌ನಲ್ಲಿ ಯಾವ ಆಧಾರವೂ ಇಲ್ಲ. ತಟ್ಟೆಯಲ್ಲಿ ಉಳಿಸುವುದು ಪಾಪವೆಂಬ ಹೆದರಿಕೆಯಿಂದ ಅತಿಥಿ ಅದನ್ನು ತಿಂದು ಮುಗಿಸುತ್ತಾನೆ. ಪಾಪವಿದ್ದರೆ ಅದು ಅಷ್ಟನ್ನು ಸುರಿದವನದ್ದು ಎಂಬ ಫತ್ವಾವನ್ನು ಯಾರಾದರೂ ಕೊಟ್ಟಿದ್ದರೆ ಚೆನ್ನಾಗಿತ್ತು.

ಅಬ್ದುರ್ರಹ್ಮಾನ್ ಬಿನ್ ಔಫ್(ರ) ಅವರಂಥ ವ್ಯಾಪಾರಿಗೆ ಪ್ರವಾದಿ(ಸ)ರು ವಲೀಮಾ ನೀಡಲು ಹೇಳಿದಾಗ ಒಂದು ಆಡಿನದಾದರೂ ಸಾಕೆಂದರು. ಹ. ಸಫಿಯ್ಯಾ(ರ) ಅವರ ವಿವಾಹದ ವಲೀಮಾದಲ್ಲಿ ಖರ್ಜೂರ, ಒಣ ಗಿಣ್ಣು ಮತ್ತು ತುಪ್ಪವಷ್ಟೇ ಇತ್ತು. ಶ್ರೀಮಂತರನ್ನು ಕರೆದು ಬಡವರನ್ನು ಬಿಟ್ಟ ವಲೀಮಾವನ್ನು ಅತ್ಯಂತ ಕೆಟ್ಟ ಊಟವೆಂದು ಹದೀಸ್ ಕರೆದಿದೆ. ಬೆಟಗೇರಿಯ ನೇಕಾರನೋ ಲಕ್ಷ್ಮೇಶ್ವರದ ಗ್ಯಾರೇಜ್ ಕೆಲಸಗಾರನೋ ಒಂದು ಮಧ್ಯಾಹ್ನದ ಊಟಕ್ಕಾಗಿ ಬಡ್ಡಿಯ ಸಾಲಕ್ಕೆ ಕೈಯೊಡ್ಡಿ, ಆ ಊಟದಿಂದ ಬಂಧುಗಳ ರಕ್ತದಲ್ಲಿ ಸಕ್ಕರೆ ಏರಿಸಿ, ಬಳಿಕ ತಾನೇ ಚಿಂತೆಯಲ್ಲಿ ರಕ್ತದೊತ್ತಡಕ್ಕೆ ತುತ್ತಾಗುವುದನ್ನು ಸುನ್ನತ್ ಎಂದು ಕರೆಯಲು ನಮಗೆ ಧೈರ್ಯವಿದೆಯೇ?

ಇನ್ನು ಮಹಿಳೆಯರ ವಿಷಯ. ನಮ್ಮ ಹೆಚ್ಚಿನ ಮನೆಗಳಲ್ಲಿ ಗಂಡಸರಿಗೆ, ಬಳಿಕ ಮಕ್ಕಳಿಗೆ ಬಡಿಸಿ ಕೊನೆಯಲ್ಲಿ ಕೂರುವವಳು ಗೃಹಿಣಿ. ಮಾಂಸದ ತುಂಡುಗಳು ಅಷ್ಟರಲ್ಲಿ ಖಾಲಿಯಾಗಿರುತ್ತವೆ. ಉಳಿದ ಅನ್ನ, ಎಣ್ಣೆಯ ಸಾರು, ಮಕ್ಕಳು ಬಿಟ್ಟ ತುತ್ತು ಅವಳ ಪಾಲು. ಚೆಲ್ಲಬಾರದಲ್ಲ! ಹಾಗೆ ಪ್ರೋಟೀನು ಕಡಿಮೆಯಾಗಿ ಪಿಷ್ಟ ಹೆಚ್ಚಾದ ಊಟ, ಅದೂ ರಾತ್ರಿ ಹತ್ತರ ಮೇಲೆ. ರಕ್ತಹೀನತೆ ಮತ್ತು ಬೊಜ್ಜು ಒಂದೇ ಶರೀರದಲ್ಲಿ ಕೂಡಿ ಬಾಳುವುದು ಹೀಗೆ. ಅವಳು ನಡೆಯಬೇಕೆಂದರೆ ಎಲ್ಲಿ ನಡೆಯಬೇಕು? ಗದುಗಿನ ಭೀಷ್ಮ ಕೆರೆಯ ದಂಡೆ ಹತ್ತಿರವಿರುವವರಿಗೆ ಒಂದು ದಾರಿಯಿದೆ. ಓಣಿಯೊಳಗಿನವಳಿಗೆ ಅಡುಗೆಮನೆಯಿಂದ ಅಂಗಳದವರೆಗಿನ ಹತ್ತು ಹೆಜ್ಜೆ. ಬುರ್ಖಾ ತೊಟ್ಟು ಬೆಳಿಗ್ಗೆ ಬೀಸು ನಡಿಗೆಗೆ ಹೊರಟವಳನ್ನು ನೋಡಿ ನಗುವವರು ಹೊರಗಿನವರಿಗಿಂತ ನಮ್ಮವರೇ ಹೆಚ್ಚು ಎಂಬುದು ನೋವಿನ ಸಂಗತಿ. ಅಂಥವರು ಅಬೂ ದಾವೂದ್‌ನಲ್ಲಿರುವ ಹದೀಸೊಂದನ್ನು ಓದಬೇಕು. ಪ್ರಯಾಣವೊಂದರಲ್ಲಿ ಪ್ರವಾದಿ(ಸ)ರು ಪತ್ನಿ ಹ. ಆಯಿಶಾ(ರ)ರೊಂದಿಗೆ ಓಟದ ಪಂದ್ಯ ಓಡಿದರು. ಆಕೆ ಗೆದ್ದರು. ಕಾಲಾನಂತರ ಆಕೆಯ ಮೈ ತುಂಬಿಕೊಂಡಿದ್ದಾಗ ಮತ್ತೆ ಓಡಿದರು. ಈ ಬಾರಿ ಪ್ರವಾದಿ(ಸ)ರು ಗೆದ್ದು, ಇದು ಅಂದಿನ ಸೋಲಿಗೆ ಉತ್ತರವೆಂದು ಹಾಸ್ಯ ಮಾಡಿದರು. ಪತ್ನಿಯ ತೂಕ ಹೆಚ್ಚಿದ್ದನ್ನು ಹಂಗಿಸಲು ಅವರು ಬಾಯಿ ತೆರೆಯಲಿಲ್ಲ, ಜೊತೆಗೆ ಓಡಿದರು. ನಮ್ಮಲ್ಲಿ ನಡೆಯುವುದು ತಿರುವುಮುರುವು. ಹೆಣ್ಣು ನೋಡಲು ಬಂದವರು ಹುಡುಗಿಯ ಎದುರಿನಲ್ಲೇ ಅವಳ ದಪ್ಪವನ್ನು ಅಳೆಯುತ್ತಾರೆ, ಮದುವೆಯಾದ ಮೇಲೆ ತಿನ್ನು ತಿನ್ನು ಎಂದು ಒತ್ತಾಯಿಸುತ್ತಾರೆ, ಎರಡು ಹೆರಿಗೆಯ ಬಳಿಕ ಮತ್ತೆ ಹಂಗಿಸುತ್ತಾರೆ. ಆ ಅವಮಾನದಿಂದ ತಪ್ಪಿಸಿಕೊಳ್ಳಲು ಹದಿಹರೆಯದ ಹೆಣ್ಣುಮಕ್ಕಳು ಊಟ ಬಿಡುವುದು, ಹೆಸರಿಲ್ಲದ ಪುಡಿಗಳನ್ನು ನುಂಗುವುದು ಬೊಜ್ಜಿಗಿಂತಲೂ ಅಪಾಯಕಾರಿ.

ರಮಝಾನ್ ಈ ರೋಗಕ್ಕೆ ಮದ್ದಾಗಬೇಕಿತ್ತು. ಉಪವಾಸದ ತಿಂಗಳಲ್ಲಿ ತೂಕ ತುಸು ಇಳಿಯುತ್ತದೆ, ಹಬ್ಬದ ಬಳಿಕದ ವಾರಗಳಲ್ಲಿ ಮರಳಿ ಬರುತ್ತದೆ ಎಂಬುದು ಹಲವು ದೇಶಗಳ ಅಧ್ಯಯನಗಳ ಒಟ್ಟು ಸಾರ. ನಮ್ಮ ಪಟ್ಟಣಗಳಲ್ಲಿ ಅದು ಇಳಿಯುವುದೂ ಅನುಮಾನ. ಗದುಗಿನ ಮಿರ್ಚಿ ಭಜಿಯ ಕೀರ್ತಿಯನ್ನು ನಾವು ಅಲ್ಲಗಳೆಯುವುದಿಲ್ಲ, ಆದರೆ ಮೂವತ್ತು ಸಂಜೆಯೂ ಖರ್ಜೂರದ ಬೆನ್ನಿಗೆ ಸಮೋಸಾ, ಭಜಿ, ಬಣ್ಣದ ಶರಬತ್ತು, ಆಮೇಲೆ ಊಟ, ತರಾವೀಹ್‌ನ ಬಳಿಕ ಚಹಾ-ಬಿಸ್ಕತ್ತು, ಸಹರಿಗೆ ಮತ್ತೆ ಪರೋಟ ಎಂದರೆ ಅದು ಊಟದ ವೇಳೆಯನ್ನು ಬದಲಾಯಿಸಿದ್ದಾಯಿತೇ ಹೊರತು ಆಸೆಯನ್ನು ಹಿಡಿದದ್ದಾಗಲಿಲ್ಲ.

ಇದೇ ಜಿಲ್ಲೆಯ ಇನ್ನೊಂದು ಮುಖವನ್ನು ಮರೆತರೆ ಈ ಲೇಖನ ಹೊಟ್ಟೆ ತುಂಬಿದವರ ಉಪದೇಶವಾದೀತು. 2021ರ ಡಿಸೆಂಬರ್‌ನಲ್ಲಿ ಯಾದಗಿರಿ ಮುಂತಾದ ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದೊಂದಿಗೆ ಮೊಟ್ಟೆ ಕೊಡಲಾಯಿತು. ಗದಗದಲ್ಲಿ ಆಗ ಕೊಡುತ್ತಿರಲಿಲ್ಲ. ಗದುಗಿನಲ್ಲೇ ಇರುವ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವು ಎರಡೂ ಜಿಲ್ಲೆಗಳ ಮಕ್ಕಳನ್ನು ತೂಗಿ ನೋಡಿತು. 2022ರಲ್ಲಿ ಹೊರಬಂದ ಅದರ ವರದಿಯ ಪ್ರಕಾರ ಯಾದಗಿರಿಯ ಎಂಟನೇ ತರಗತಿಯ ಹುಡುಗಿಯರ ತೂಕದ ಏರಿಕೆ ಗದಗದ ಹುಡುಗಿಯರಿಗಿಂತ ಶೇ. 71ರವರೆಗೂ ಹೆಚ್ಚಿತ್ತು. ಅಂದರೆ ಶಾದಿ ಮಹಲಿನಲ್ಲಿ ಬಕೆಟ್‌ಗಟ್ಟಲೆ ಅನ್ನ ತಿಪ್ಪೆಗೆ ಹೋಗುವ ಊರಿನಲ್ಲೇ ದಿನಕ್ಕೊಂದು ಮೊಟ್ಟೆಯಿಲ್ಲದೆ ಮೈ ಹಿಡಿಯದ ಮಕ್ಕಳಿದ್ದರು. ಆ ಮೊಟ್ಟೆಯನ್ನೂ ಧರ್ಮದ ಹೆಸರಿನಲ್ಲಿ ತಡೆಯಲು ಹೊರಟವರಿದ್ದರು. 2021ರ ಜನವರಿಯಲ್ಲಿ ಜಾರಿಗೆ ಬಂದ ಜಾನುವಾರು ಹತ್ಯೆ ತಡೆ ಕಾನೂನು ಬಡವರ ಅಗ್ಗದ ಪ್ರೋಟೀನನ್ನು ಕಿತ್ತುಕೊಂಡಿತು. 2022ರ ಯುಗಾದಿಯ ಹೊತ್ತಿಗೆ ಹಲಾಲ್ ಮಾಂಸದ ವಿರುದ್ಧ ಬಹಿಷ್ಕಾರದ ಕೂಗೆದ್ದಿತು. ನಾವು ಏನನ್ನು ತಿನ್ನಬೇಕೆಂದು ಇತರರು ನಿರ್ಧರಿಸಹೊರಟಾಗ ಸಮುದಾಯ ಪ್ರತಿಭಟಿಸಿತು, ಅದು ಸರಿಯೇ. ಎಷ್ಟು ತಿನ್ನಬೇಕು, ಯಾರು ಮೊದಲು ತಿನ್ನಬೇಕು ಎಂಬುದನ್ನು ನಿರ್ಧರಿಸುವ ಅಧಿಕಾರ ಮಾತ್ರ ಯಾರೂ ಕಿತ್ತುಕೊಳ್ಳದೆ ನಮ್ಮ ಕೈಯಲ್ಲೇ ಉಳಿದಿದೆ.

ನಾಲ್ಕೂ ಊರುಗಳ ಜಮಾಅತ್‌ಗಳು ಒಟ್ಟಿಗೆ ಕುಳಿತು ವಲೀಮಾಕ್ಕೆ ಒಂದು ಅನ್ನ, ಒಂದು ಸಾಲನ್, ಒಂದು ಸಿಹಿ ಎಂಬ ಕಟ್ಟು ಮಾಡಲಿ. ಮಾಡುವುದಾದರೆ ಮೊದಲ ಮದುವೆ ಸಮಿತಿಯ ಅಧ್ಯಕ್ಷರ ಮನೆಯದೇ ಆಗಲಿ, ಬಡವನ ಮದುವೆಯ ಮೇಲೆ ಪ್ರಯೋಗ ಬೇಡ. ನಾಲ್ವರ ತಟ್ಟೆಗೆ ನಾಲ್ವರಿಗೆ ಬೇಕಾದಷ್ಟನ್ನೇ ಹಾಕಿ, ಕೇಳಿದವರಿಗೆ ಮಾತ್ರ ಮತ್ತೆ ಬಡಿಸಲಿ. ಲಕ್ಷ್ಮೇಶ್ವರದಲ್ಲಿ ಅಂಕುಶ್ ಖಾನ್ 1617ರಲ್ಲಿ ಕಟ್ಟಿಸಿದ ಜಾಮಿಯಾ ಮಸೀದಿಯಂಥ ಹಿರಿಯ ಮಸೀದಿಗಳ ಮಿಂಬರ್‌ನಿಂದ ಶಅಬಾನ್ ತಿಂಗಳಲ್ಲೇ ಇಫ್ತಾರ್‌ನ ಬಗ್ಗೆ ಒಂದು ಖುತ್ಬಾ ಬರಲಿ. ರಮಝಾನ್ ಬಂದ ಮೇಲೆ ಹೇಳಿದರೆ ಕಡಲೆಹಿಟ್ಟು ಅದಾಗಲೇ ಮನೆಗೆ ಬಂದಿರುತ್ತದೆ. ಮನೆಗಳಲ್ಲಿ ವಾರಕ್ಕೆ ನಾಲ್ಕು ದಿನವಾದರೂ ಜೋಳದ ರೊಟ್ಟಿ ಮರಳಲಿ, ತಟ್ಟಲು ಗಂಡುಮಕ್ಕಳೂ ಕಲಿಯಲಿ. ಮಾಂಸದ ತುಂಡುಗಳಲ್ಲಿ ಬಡಿಸುವವಳ ಪಾಲನ್ನು ಮೊದಲೇ ತೆಗೆದಿಡಲಿ.

ಮದ್ರಸ ಮತ್ತು ಶಾದಿ ಮಹಲ್‌ಗಳು ವರ್ಷಕ್ಕೆರಡು ಸಲ ಸರಕಾರಿ ವೈದ್ಯರನ್ನು ಕರೆಸಿ ಮಹಿಳೆಯರ ಸೊಂಟದಳತೆ, ರಕ್ತದ ಸಕ್ಕರೆ, ರಕ್ತಹೀನತೆಯನ್ನು ಪರೀಕ್ಷಿಸಲು ಜಾಗ ಕೊಡಬಹುದು. ಗದುಗಿನಲ್ಲಿ ಸರಕಾರಿ ವೈದ್ಯಕೀಯ ಮಹಾವಿದ್ಯಾಲಯವೇ ಇರುವಾಗ ಇದು ಕಷ್ಟದ ಕೆಲಸವಲ್ಲ. ನಗರಸಭೆಯ ಮುಂದೆಯೂ ಪುರಸಭೆಗಳ ಮುಂದೆಯೂ ಇಡಬೇಕಾದ ಬೇಡಿಕೆಯೊಂದಿದೆ. ಪ್ರತಿ ಊರಿನಲ್ಲಿ ಒಂದು ಮೈದಾನ, ಬೆಳಿಗ್ಗೆ ಒಂದೂವರೆ ತಾಸು ಮಹಿಳೆಯರಿಗೆಂದೇ, ಬೆಳಕು ಮತ್ತು ಶೌಚಾಲಯದ ಸಮೇತ. ಯಾವ ಧರ್ಮದ ಮಹಿಳೆಯರು ಬೇಡವೆಂದಾರು? ಅರ್ಜಿಗೆ ನೆರೆಮನೆಯವರ ಸಹಿಯನ್ನೂ ಸೇರಿಸಿಕೊಂಡು ಹೋದರೆ ವಾರ್ಡಿನ ಸದಸ್ಯರು ತಿರಸ್ಕರಿಸುವುದು ಕಷ್ಟ.